ಡಿಕ್ಕಿಯೊಳಗಿನ ಕಲ್ಲು

ಕಾರಿನ ವಿದ್ಯೆಯಲ್ಲಿ ನನಗೆ ಕೊನೆಗೂ ಸರಿಯಾಗಿ ಒಲಿಯದೆ ಉಳಿದದ್ದು ಅದನ್ನು ನಿಲ್ಲಿಸುವ ಕಲೆ. ಓಡಿಸುವುದನ್ನು ಯಾರು ಬೇಕಾದರೂ ಕಲಿಯುತ್ತಾರೆ. ಒಂದು ವಾರ ಬಯಲಲ್ಲಿ ಗಿರಗಿರ ಸುತ್ತಿದರೆ, ನಾಲ್ಕು ಜನರ ಕೈಲಿ ಬೈಸಿಕೊಂಡರೆ, ಎರಡು ಬೇಲಿ ಮುರಿದರೆ ಬಂದೇ ಬರುತ್ತದೆ. ಆದರೆ ಓಡುತ್ತಿರುವುದನ್ನು ಬೇಕಾದಲ್ಲಿ ನಿಲ್ಲಿಸಿ, ನಿಲ್ಲಿಸಿದ್ದು ಅಲ್ಲೇ ಇರುವಂತೆ ನೋಡಿಕೊಳ್ಳುವುದಿದೆಯಲ್ಲ, ಅದು ಬೇರೆಯೇ ಮಾತು. ನಾನು ವಕೀಲ. ಮಾತಿನ ವಿಷಯದಲ್ಲೂ ನನಗೆ ಇದೇ ತೊಂದರೆಯಿದೆ ಎಂದು ಮನೆಯವಳು ಹೇಳುತ್ತಾಳೆ.

ಎಪ್ಪತ್ತರ ದಶಕದಲ್ಲಿ ನಾನು ಹೊನ್ನಾಳಿಯಲ್ಲಿ ವಕೀಲಿ ಮಾಡುತ್ತಿದ್ದಾಗ ಅಕ್ಕಿ ಗಿರಣಿಯ ಸಾಹುಕಾರರೊಬ್ಬರಿಂದ ಒಂದು ಹಳೆಯ ಕರಿ ಕಾರು ಕೊಂಡೆ. ನನ್ನ ಕೈಗೆ ಬರುವ ಹೊತ್ತಿಗೆ ಅದು ಮೂರು ಯಜಮಾನರನ್ನು ಕಂಡಿತ್ತು. ಎಲ್ಲರ ಚಾಳಿಯನ್ನೂ ಒಂದಿಷ್ಟು ಉಳಿಸಿಕೊಂಡಿತ್ತು. ಕಕ್ಷಿದಾರರು ಚನ್ನಗಿರಿ, ನ್ಯಾಮತಿ, ಜಗಳೂರು ಎಂದು ಚೆಲ್ಲಾಪಿಲ್ಲಿಯಾಗಿದ್ದರಿಂದ ನಾನೂ ಕಾರೂ ಆ ರಸ್ತೆಗಳಲ್ಲಿ ಹತ್ತು ಹನ್ನೆರಡು ವರ್ಷ ತಿರುಗಿದೆವು. ಹಾಗಾಗಿ ಕಾರಿನ ಅಂಗಾಂಗಗಳ ಬಗ್ಗೆ ನಾಲ್ಕು ಮಾತು ಹೇಳುವ ಅಧಿಕಾರ ನನಗಿದೆಯೆಂದು ತಿಳಿದಿದ್ದೇನೆ.

ಮೊದಲು ಚೋಕ್. ಈಗಿನವರಿಗೆ ಅದರ ಪರಿಚಯವೇ ಇಲ್ಲ. ಬೆಳಗ್ಗೆ ಎಂಜಿನ್ ತಣ್ಣಗಿದ್ದಾಗ ಎಳೆದು, ಬಿಸಿಯಾದ ಮೇಲೆ ಒಳಕ್ಕೆ ತಳ್ಳಬೇಕಾದ ಒಂದು ಗುಂಡಿ ಅದು. ಎಳೆಯುವುದು ಎಲ್ಲರಿಗೂ ನೆನಪಿರುತ್ತದೆ, ತಳ್ಳುವುದು ಇರುವುದಿಲ್ಲ. ಹೊನ್ನಾಳಿಯಿಂದ ಚನ್ನಗಿರಿಯವರೆಗೂ ಚೋಕ್ ಎಳೆದುಕೊಂಡೇ ಹೋಗಿ, ಕರಿ ಹೊಗೆ ಬಿಟ್ಟು, ಇಷ್ಟೊಂದು ಪೆಟ್ರೋಲು ಹೇಗೆ ಕುಡಿಯಿತೆಂದು ನಾನು ಬೆರಗಾದದ್ದುಂಟು. ಇನ್ನು ಒಳಗಿನ ಕನ್ನಡಿ. ಅದು ಹಿಂದೆ ಬರುವವರನ್ನು ನೋಡಲಿಕ್ಕೆಂದು ಪುಸ್ತಕ ಹೇಳುತ್ತದೆ. ನಮ್ಮ ಕಾರಿನಲ್ಲಿ ಅದು ಕುಂಕುಮ ಸರಿಮಾಡಿಕೊಳ್ಳಲಿಕ್ಕೆ ಇತ್ತು. ಹಿಂದೆ ಬರುವವನಿಗೆ ಹಾರ್ನ್ ಇದೆಯಲ್ಲ, ಬೇಕಾದರೆ ಹೊಡೆಯುತ್ತಾನೆ ಎಂಬುದು ನನ್ನ ವಾದ. ಕೈ ಸನ್ನೆಯ ಕಥೆ ಇನ್ನೂ ಚೆಂದ. ಬಲಕ್ಕೆ ತಿರುಗುತ್ತೇನೆಂದು ಕೈ ಚಾಚಿದರೆ ಎದುರಿನ ಗಾಡಿಯವನು ತಾನೂ ಕೈಯೆತ್ತಿ ನಮಸ್ಕಾರ ಹೇಳುತ್ತಿದ್ದ. ಚಿಕ್ಕ ಊರುಗಳಲ್ಲಿ ನಿಯಮಕ್ಕಿಂತ ಮರ್ಯಾದೆ ದೊಡ್ಡದು.

ಜಗಳೂರಿನ ಕಡೆಯದು ಮತ್ತೊಂದು ಪಾಠ. ಸುಗ್ಗಿಯ ಹೊತ್ತಿಗೆ ಸೊಕ್ಕೆಯ ದಾರಿಯಲ್ಲಿ ಹೋದರೆ ಟಾರು ರಸ್ತೆಯುದ್ದಕ್ಕೂ ಹುರುಳಿ ಬಳ್ಳಿ ಹರಡಿರುತ್ತಿದ್ದರು. ನಾನು ಮೊದಲ ಸಲ ಅದನ್ನು ಕಂಡು, ಪಾಪ, ರೈತರ ಬೆಳೆ ತುಳಿಯಬಾರದೆಂದು ಕಾರನ್ನು ಪಕ್ಕದ ಮಣ್ಣಿಗಿಳಿಸಿ ಮೆಲ್ಲಗೆ ದಾಟಿಸಿದೆ. ನನ್ನ ಸೌಜನ್ಯಕ್ಕೆ ನಾನೇ ತಲೆದೂಗುತ್ತಿರುವಾಗ ಸೊಂಟಕ್ಕೆ ಸೆರಗು ಬಿಗಿದ ಅಜ್ಜಿಯೊಬ್ಬಳು ಓಡಿ ಬಂದು ಗದರಿದಳು. "ಏನ್ರೀ, ನಮ್ಮ ಹುರುಳಿ ಮ್ಯಾಲೆ ಹಾಯಾಕೆ ನಿಮ್ಮ ಗಾಡಿಗೇನು ಮೈಲಿಗೆ ಐತಾ? ಬೆಳಿಗ್ಗಿಂದ ಗಾಡಿ ಬರಲಿ ಅಂತ ಕಾಯ್ತಿದೀವಿ." ಗಾಲಿ ಹಾಯ್ದರೆ ಕಾಯಿ ಒಡೆದು ಕಾಳು ಉದುರುತ್ತದೆ, ಅದಕ್ಕೆಂದೇ ಹರಡಿದ್ದಂತೆ. ನಾನು ಹಿಂದಕ್ಕೆ ಬಂದು, ಮುಂದಕ್ಕೆ ಹೋಗಿ, ಅಜ್ಜಿಗೆ ಸಮಾಧಾನವಾಗುವಷ್ಟು ಒಕ್ಕಣೆ ಮಾಡಿಕೊಟ್ಟು ಕೋರ್ಟಿಗೆ ತಡವಾಗಿ ಹೋದೆ.

ಇರಲಿ, ನಿಲ್ಲಿಸುವ ಮಾತಿಗೆ ಬರುತ್ತೇನೆ. ನನ್ನ ಕಾರಿನ ಹ್ಯಾಂಡ್ ಬ್ರೇಕು ಕೊಂಡ ವರ್ಷವೇ ಕೈಕೊಟ್ಟಿತು. ಚನ್ನಗಿರಿಯಲ್ಲಿ ನನಗೆ ಗೊತ್ತಿದ್ದ ಮೇಸ್ತ್ರಿಯೊಬ್ಬ ಕಾರಿನಡಿ ನುಸುಳಿ ನೋಡಿ, "ಕೇಬಲ್ ಹೋಗೈತೆ ಸಾರ್. ಶಿವಮೊಗ್ಗದಿಂದ ತರಿಸಬೇಕು. ಅಲ್ಲಿಮಟ ಒಂದು ಕಲ್ಲು ಇಟ್ಕಳ್ರಿ" ಎಂದ. ಆ ಅಲ್ಲಿಮಟ ನಾಲ್ಕು ವರ್ಷ ನಡೆಯಿತು. ನಮ್ಮ ಕಡೆ ಅದೇನೂ ವಿಚಿತ್ರವಲ್ಲ. ಲಾರಿ, ಟ್ರ್ಯಾಕ್ಟರು, ಜೀಪು, ಏರಿನಲ್ಲಿ ಯಾವುದು ನಿಂತರೂ ಹಿಂದಿನ ಗಾಲಿಗೆ ಕಲ್ಲು ಬೀಳುತ್ತಿತ್ತು. ಗೇರಿನಲ್ಲಿ ನಿಲ್ಲಿಸಬಾರದಿತ್ತೇ ಎಂದು ನೀವು ಕೇಳಬಹುದು. ನನ್ನ ಬ್ಯಾಟರಿಗೂ ವಯಸ್ಸಾಗಿತ್ತು. ಮುಂದೆ ನಿಂತು ಹ್ಯಾಂಡಲ್ ತಿರುಗಿಸಿಯೇ ಎಂಜಿನ್ ಎಬ್ಬಿಸಬೇಕಿತ್ತು. ಗೇರಿನಲ್ಲಿಟ್ಟು ತಿರುಗಿಸಿದರೆ ಕಾರು ನನ್ನ ಮೇಲೇ ಬರುತ್ತದೆ. ಗೇರು ತೆಗೆದರೆ ಇಳಿಜಾರಿಗೆ ಹೊರಡುತ್ತದೆ. ಆದ್ದರಿಂದ ಕಲ್ಲು. ಇಡುವುದೂ, ಎಂಜಿನ್ ಎದ್ದ ಮೇಲೆ ಎತ್ತಿ ಡಿಕ್ಕಿಗೆ ಹಾಕುವುದೂ ನನ್ನ ಮನೆಯವಳು ಗೌರಮ್ಮನ ಖಾತೆ.

ಕಂಡ ಕಂಡ ಕಲ್ಲು ನನಗೆ ಒಗ್ಗುತ್ತಿರಲಿಲ್ಲ. ಸಾಸ್ವೆಹಳ್ಳಿಯ ಹೊಳೆದಂಡೆಯಲ್ಲಿ ಹುಡುಕಿ ಒಂದು ಕಲ್ಲು ಆರಿಸಿದ್ದೆ. ತೆಂಗಿನಕಾಯಿಗಿಂತ ಸ್ವಲ್ಪ ದೊಡ್ಡದು, ಒಂದು ಮಗ್ಗುಲು ಚಪ್ಪಟೆ, ಗಾಲಿಗೆ ಹೇಳಿ ಮಾಡಿಸಿದಂತಿತ್ತು. ಒಮ್ಮೆ ಕೋರ್ಟಿನ ಅಂಗಳದಲ್ಲಿ ಅದನ್ನು ಯಾರೋ ಒಲೆಗುಂಡು ಮಾಡಿಕೊಂಡುಬಿಟ್ಟಿದ್ದರು. ಬಿಡಿಸಿಕೊಂಡು ಬಂದವನೇ ಬೋರ್ಡು ಬರೆಯುವವನ ಹತ್ತಿರ ಹೋಗಿ ಅದರ ಮೇಲೆ ಬಿಳಿ ಬಣ್ಣದಲ್ಲಿ ಕಾರಿನ ನಂಬರು ಬರೆಸಿದೆ. ಗೌರಮ್ಮ ನಕ್ಕಳು. "ಕಲ್ಲಿಗೂ ರಿಜಿಸ್ಟ್ರೇಷನ್ ಮಾಡಿಸಿದ್ರಾ?" ಎಂದಳು. ಸ್ವತ್ತಿಗೆ ಗುರುತಿರಬೇಕು, ಅದು ಕಾನೂನು ಎಂದೆ.

ಒಂದು ಭಾನುವಾರ ಬೆಳಗ್ಗೆ ನಾವಿಬ್ಬರೂ ಸೂರಗೊಂಡನಕೊಪ್ಪದ ಹತ್ತಿರದ ಹಳ್ಳಿಯೊಂದಕ್ಕೆ ನಾಮಕರಣಕ್ಕೆಂದು ಹೊರಟಿದ್ದೆವು. ನ್ಯಾಮತಿ ಇನ್ನೂ ಒಂದು ಮೈಲಿ ದೂರವಿರುವಾಗ ಏರಿನಲ್ಲಿ ರೇಡಿಯೇಟರ್ ಕುದಿಯಿತು. ನಿಲ್ಲಿಸಿ, ಕಲ್ಲಿಟ್ಟು, ನೀರು ಹಾಕಿ, ಹ್ಯಾಂಡಲ್ ತಿರುಗಿಸಿದರೆ ಎಂಜಿನ್ ಏಳಲೊಲ್ಲದು. ಇಪ್ಪತ್ತನೆಯ ಸಲಕ್ಕೋ ಏನೋ ಕೆಮ್ಮಿಕೊಂಡು ಎದ್ದಿತು. ಮತ್ತೆ ಮಲಗಿಬಿಟ್ಟೀತೆಂಬ ಭಯಕ್ಕೆ ನಾನು ಓಡಿ ಒಳಗೆ ಕೂತು "ಹತ್ತು, ಹತ್ತು, ಬೇಗ ಹತ್ತು" ಎಂದು ಕೂಗಿದೆ. ಅವಳು ಹತ್ತಿದಳು. ನ್ಯಾಮತಿ ದಾಟಿ ಎರಡು ಮೈಲಿ ಹೋದ ಮೇಲೆ, "ರೀ, ಕಲ್ಲಿನ ಸದ್ದೇ ಇಲ್ಲ" ಎಂದಳು. ಪ್ರತಿ ಗುಂಡಿಗೂ ಡಿಕ್ಕಿಯಲ್ಲಿ ದಡಲ್ಲೆಂದು ಉರುಳುತ್ತಿದ್ದ ಕಲ್ಲು ಅವತ್ತು ಉರುಳುತ್ತಿರಲಿಲ್ಲ.

ಹೋದರೆ ಹೋಯಿತು, ಹೊಳೆಯಲ್ಲಿ ಕಲ್ಲಿಗೇನು ಬರವೇ ಎಂದೆ. ಅವಳು ಒಪ್ಪಲಿಲ್ಲ. "ನಿಮ್ಮ ಕಲ್ಲಿಗೆ ನಾನು ಅಳ್ತಿಲ್ಲ. ಅದು ನಡುರಸ್ತೇಲಿ ಐತೆ. ಏರು ಹತ್ತೋರಿಗೆ ಕಾಣ್ತದೆ, ಇಳಿಯೋರಿಗೆ ಕಾಣಲ್ಲ. ತಿರುಗಿಸ್ರಿ." ಗೊಣಗಿಕೊಂಡೇ ತಿರುಗಿಸಿದೆ.

ಆ ಇಳಿಜಾರಿನಲ್ಲಿ ಒಂದು ಸೈಕಲ್ಲು ಬಿದ್ದಿತ್ತು. ಎಂಜಿನ್ ಆರಿಸದೆ ಕಾರನ್ನು ಮೇಲಿನ ಸಮತಟ್ಟಿನಲ್ಲೇ ಬಿಟ್ಟು ಇಳಿದು ಹೋದೆವು. ಮುಂದಿನ ಚಕ್ರ ಸೊಟ್ಟಗಾಗಿತ್ತು. ರಸ್ತೆಯ ಮೇಲೆಲ್ಲ ಕಾಗದಗಳು. ನ್ಯಾಮತಿಯಿಂದ ಸುತ್ತಲಿನ ಹಳ್ಳಿಗಳಿಗೆ ಟಪಾಲು ಹಂಚುವ ಹಾಲೇಶಪ್ಪ, ಶನಿವಾರ ಉಳಿದ ಕಾಗದಗಳನ್ನು ಮುಟ್ಟಿಸಲಿಕ್ಕೆ ಹೊರಟವನು, ಬಲಗೈಯನ್ನು ಎದೆಗೊತ್ತಿಕೊಂಡು ಎಡಗೈಯಲ್ಲಿ ಒಂದೊಂದೇ ಲಕೋಟೆ ಆಯ್ದು ಚೀಲಕ್ಕೆ ಹಾಕುತ್ತಿದ್ದ. ನನಗೆ ಚೆನ್ನಾಗಿ ಪರಿಚಯದ ಮನುಷ್ಯ. ಆ ಭಾಗದವರಿಗೆ ನಾನು ಕಳಿಸುವ ವಕೀಲ ನೋಟೀಸುಗಳನ್ನೆಲ್ಲ ಕೊಡುತ್ತಿದ್ದವನು ಅವನೇ. ಅರ್ಧಕ್ಕರ್ಧ ಜನ ಅವನ್ನು ಮುಟ್ಟದೆ 'ಸ್ವೀಕರಿಸಲಿಲ್ಲ' ಎಂದು ಬರೆಸಿ ವಾಪಸು ಅಟ್ಟುತ್ತಿದ್ದರು.

ಕಲ್ಲು ಎಲ್ಲೂ ಕಾಣಲಿಲ್ಲ. ಬದುವಿನಲ್ಲೂ ನೋಡಿದೆ, ಇರಲಿಲ್ಲ. ಯಾರೋ ಹೊಲಕ್ಕೆ ಎಸೆದಿರಬೇಕೆಂದುಕೊಂಡಾಗ ನನಗಾದದ್ದು ನೆಮ್ಮದಿ. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ, ಆದರೆ ಆದದ್ದು ನೆಮ್ಮದಿಯೇ.

"ಏನಾತು ಹಾಲೇಶಪ್ಪ?" ಎಂದು ಕೇಳಿದೆ.

"ಕಲ್ಲು ವಕೀಲ್ರೆ. ಇಳಿಜಾರು, ಬ್ರೇಕ್ ಹಿಡಿಯೋದ್ರಾಗೆ ಹತ್ತೇಬಿಡ್ತು. ಕೈ ಮುರಿದೈತೇನೋ."

ಗೌರಮ್ಮ ಚದುರಿದ ಕಾಗದಗಳನ್ನು ಆರಿಸಿಕೊಡುತ್ತಿದ್ದಳು. "ಹಾಲೇಶಪ್ಪನೋರೆ, ಆ ಕಲ್ಲು..." ಎಂದು ಶುರುಮಾಡಿದಳು. ನಾನು ನಡುವೆ ಬಾಯಿ ಹಾಕಿದೆ. "ಈ ಲಾರಿಯವರಿಗೆ ಬುದ್ಧಿ ಬರೋದಿಲ್ಲ. ಕಲ್ಲಿಡ್ತಾರೆ, ಹಂಗೇ ಬಿಟ್ಟು ಹೋಗ್ತಾರೆ. ಹತ್ತು, ಮೊದಲು ಆಸ್ಪತ್ರೆಗೆ ಹೋಗೋಣ" ಎಂದೆ. ಅವಳು ನನ್ನನ್ನೊಮ್ಮೆ ನೋಡಿ, ಆರಿಸಿದ ಕಾಗದಗಳನ್ನು ಅವನ ಕೈಗೆ ಕೊಟ್ಟಳು. ಸೈಕಲ್ಲನ್ನು ಬೇಲಿಗೆ ಒರಗಿಸಿ ಹೊರಟೆವು. ಹಾಲೇಶಪ್ಪ ಹಿಂದಿನ ಸೀಟಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಸರ್ಕಾರದ ಟಪಾಲು, ಕೆಳಗಿಡುವುದಿಲ್ಲ ಎಂದ.

ಕೇಳದ ಪ್ರಶ್ನೆಗೆ ಉತ್ತರ ಹೇಳಬೇಡಿ ಎಂದು ಕಕ್ಷಿದಾರರಿಗೆ ಇಪ್ಪತ್ತು ವರ್ಷ ಕಲಿಸಿದವನು ನಾನು. ಅವತ್ತು ನಾನೇ ನನ್ನ ಕಕ್ಷಿದಾರನಾಗಿದ್ದೆ. ಆದರೆ ಸುಮ್ಮನಿರುವುದೂ ನನ್ನ ಕೈಲಾಗಲಿಲ್ಲ. ದಾರಿಯುದ್ದಕ್ಕೂ ಲಾರಿಯವರನ್ನು ಬೈದೆ. ಅವರ ಲೈಸೆನ್ಸು ಕಿತ್ತುಕೊಳ್ಳಬೇಕೆಂದೆ. ಯಾವ ಕಲಮಿನಲ್ಲಿ ಕೇಸು ಹಾಕಬಹುದೆಂದೂ ವಿವರಿಸಿದೆ. ಹಾಲೇಶಪ್ಪ "ಹೂಂ", "ಹೌದೌದು" ಎನ್ನುತ್ತಿದ್ದ. ಒಮ್ಮೆ ಮಾತ್ರ, "ಲಾರಿಯೋರೇ ಅಂತೀರಾ ವಕೀಲ್ರೆ?" ಎಂದು ಮೆಲ್ಲಗೆ ಕೇಳಿದ. "ಮತ್ಯಾರು?" ಎಂದೆ. ಅಡ್ಡಸವಾಲಿನಲ್ಲಿ ಅಷ್ಟು ಚೊಕ್ಕವಾಗಿ ಸುಳ್ಳು ಹೇಳುವ ಸಾಕ್ಷಿ ನನಗೆ ಎಂದೂ ಸಿಕ್ಕಿರಲಿಲ್ಲ.

ನ್ಯಾಮತಿಯ ಆಸ್ಪತ್ರೆಯ ಮುಂದೆ ಸಣ್ಣದೊಂದು ಏರು. ಅಲ್ಲಿಗೆ ಬಂದು ಕಾಲು ಬ್ರೇಕಿನ ಮೇಲಿಟ್ಟು ನಿಲ್ಲಿಸಿದೆ. ಅಷ್ಟರಲ್ಲಿ ಎಂಜಿನ್ನೂ ಆರಿತು. ಗೇರಿನಲ್ಲಿ ಬಿಟ್ಟರೆ ಆಮೇಲೆ ಹ್ಯಾಂಡಲ್ ತಿರುಗಿಸುವಂತಿಲ್ಲ, ಕಾಲು ತೆಗೆದರೆ ಕಾರು ಹಿಂದಕ್ಕೆ ಹೊರಡುತ್ತದೆ, ತೆಗೆಯದಿದ್ದರೆ ನಾನು ಇಳಿಯುವಂತಿಲ್ಲ. ಗೌರಮ್ಮ ಕೆಳಗಿಳಿದು ಆಚೀಚೆ ನೋಡಿದಳು. ಗುಡಿಸಿಟ್ಟ ಅಂಗಳ, ಒಂದು ಹರಳೂ ಇರಲಿಲ್ಲ. ಹಾಲೇಶಪ್ಪನೂ ಇಳಿದ. ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡಿದೆ. ಅವನು ಟಪಾಲು ಚೀಲಕ್ಕೆ ಎಡಗೈ ಹಾಕಿ, ಲಕೋಟೆಗಳ ಅಡಿಯಿಂದ ಕಷ್ಟಪಟ್ಟು ಏನನ್ನೋ ಹೊರಗೆ ತೆಗೆದ. ಬಿಳಿ ನಂಬರು ನನಗೆ ಕೂತಲ್ಲಿಂದಲೇ ಕಂಡಿತು. ಬಗ್ಗಿ ಅದನ್ನು ಹಿಂದಿನ ಗಾಲಿಗೆ ಒತ್ತಿಟ್ಟು ಎದ್ದ.

"ಈಗ ಕಾಲು ತೆಗೀರಿ ವಕೀಲ್ರೆ. ನಿಲ್ತದೆ."

ಕಾಲು ತೆಗೆಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಕೆಳಗಿಳಿದು ಅವನೆದುರು ನಿಂತೆ. "ಗೊತ್ತಿದ್ದೂ ಯಾಕೆ ಹೇಳಲಿಲ್ಲ?" ಎಂದೆ. ತಪ್ಪು ಮಾಡಿದವನು ಪ್ರಶ್ನೆ ಕೇಳಬಾರದು, ಆದರೆ ನನಗೆ ಬರುತ್ತಿದ್ದದ್ದು ಅದೊಂದೇ.

"ಬಿದ್ದು ಎದ್ದಾಗ್ಲೇ ನಂಬರ್ ನೋಡ್ದೆ. ಇದನ್ನ ಹೊನ್ನಾಳಿಗೆ ಮುಟ್ಟಿಸೋದು ಹೆಂಗೆ ಅಂತ ಯೋಚನೆ ಮಾಡ್ತಿದ್ದೆ, ಅಷ್ಟರಾಗೆ ನೀವೇ ಬಂದ್ರಿ. ನೀವೇ ಹೇಳ್ತೀರೇನೋ ಅಂತ ಕಾದೆ." ನೋವಿಗೆ ಒಮ್ಮೆ ಹಲ್ಲು ಕಚ್ಚಿ ಮುಂದುವರಿಸಿದ. "ವಿಳಾಸ ಇರೋದನ್ನ ಮುಟ್ಟಿಸೋದು ನನ್ನ ಕೆಲಸ. ತಗೊಳ್ಳೋದು ಬಿಡೋದು ಅವರವರಿಗೆ ಬಿಟ್ಟಿದ್ದು. ನಿಮ್ಮ ನೋಟೀಸನ್ನೇ ಎಷ್ಟು ಜನ ವಾಪಸ್ ಕಳಿಸ್ತಾರಲ್ರೀ."

"ತಗೊಂಡೆ, ಹಾಲೇಶಪ್ಪ" ಎಂದೆ. "ನಂದೇ ಕಲ್ಲು. ತಪ್ಪಾತು."

"ಎತ್ತದೆ ಬಿಟ್ಟೋಳು ನಾನು" ಎಂದಳು ಗೌರಮ್ಮ.

"ಹತ್ತು ಹತ್ತು ಅಂತ ಕೂಗಿದೋನು ನಾನು" ಎಂದೆ.

ಹಾಲೇಶಪ್ಪ ಇಬ್ಬರನ್ನೂ ನೋಡಿದ. "ಇಬ್ರೂ ಸಹಿ ಮಾಡಿದ್ರಿ ಅಂದಂಗಾತು. ಬರ್ರಿ, ಕೈ ತೋರ್ಸೋಣ" ಎಂದು ಮೆಟ್ಟಿಲು ಹತ್ತಿದ.

ಮಣಿಕಟ್ಟು ಮುರಿದಿತ್ತು. ಪಟ್ಟಿ ಬಿಚ್ಚುವವರೆಗೆ, ಐದು ವಾರ, ದಿನಾ ಬೆಳಗ್ಗೆ ನಾನು ನ್ಯಾಮತಿಗೆ ಹೋಗಿ ಅವನನ್ನು ಕೂರಿಸಿಕೊಂಡು ಹಳ್ಳಿ ಹಳ್ಳಿ ಸುತ್ತಿ ಆಮೇಲೆ ಕೋರ್ಟಿಗೆ ಹೋಗುತ್ತಿದ್ದೆ. ಟಪಾಲಿನವನು ಕಾರಿನಲ್ಲಿ ಬರುವುದನ್ನು ಕಂಡು ಜನ ಮೊದಲು ಹೆದರಿದರು, ಆಮೇಲೆ ನಕ್ಕರು. ನನ್ನ ನೋಟೀಸುಗಳನ್ನೂ ನಾನೇ ಒಯ್ದೆ. ಬಾಗಿಲ ಮುಂದೆ ವಕೀಲನೇ ಕಾರು ನಿಲ್ಲಿಸಿಕೊಂಡು ಕೂತಿದ್ದರಿಂದಲೋ ಏನೋ, ಆ ಐದು ವಾರ ಒಂದೂ ವಾಪಸಾಗಲಿಲ್ಲ. ನಾಲ್ಕು ವರ್ಷ ಬಾರದಿದ್ದ ಬ್ರೇಕಿನ ಕೇಬಲ್ಲು, ನಾನೇ ಶಿವಮೊಗ್ಗಕ್ಕೆ ಹೋಗಿ ಕೇಳಿದ್ದಕ್ಕೆ, ಅಂಗಡಿಯ ಕಪಾಟಿನಿಂದ ಎರಡು ನಿಮಿಷದಲ್ಲಿ ಹೊರಬಂತು.

ಆಮೇಲೆ ಆ ಕಾರು ಹೋಯಿತು, ಬೇರೆ ಬಂತು. ಅದರಲ್ಲಿ ಹ್ಯಾಂಡ್ ಬ್ರೇಕು ಒಂದೇ ಎಳೆತಕ್ಕೆ ಕಚ್ಚಿಕೊಳ್ಳುತ್ತದೆ, ಹ್ಯಾಂಡಲ್ ತಿರುಗಿಸುವ ಗೋಜಿಲ್ಲ. ಆದರೂ ಎಲ್ಲಿಂದ ಹೊರಟರೂ ನಾನು ಮೊದಲು ಒಳಗಿನ ಕನ್ನಡಿ ನೋಡುತ್ತೇನೆ. ಗೌರಮ್ಮ ಅದನ್ನು ತನ್ನ ಕಡೆ ತಿರುಗಿಸಿಕೊಂಡಿದ್ದರೆ ಮತ್ತೆ ರಸ್ತೆಗೆ ತಿರುಗಿಸಿ, ಹಿಂದೆ ಏನು ಉಳಿಯಿತೆಂದು ನೋಡಿಯೇ ಮುಂದೆ ಹೋಗುತ್ತೇನೆ. ಕಲ್ಲು ಈಗ ನಮ್ಮ ತಲೆಬಾಗಿಲಲ್ಲಿದೆ, ಗಾಳಿಗೆ ಕದ ಬಡಿಯದಂತೆ. ಅದರ ಮೇಲಿನ ನಂಬರಿನ ಕಾರು ಗುಜರಿ ಸೇರಿ ಎಷ್ಟೋ ಕಾಲವಾಯಿತು. ಆದರೂ ಬಣ್ಣ ಮಾಸಿದಾಗಲೆಲ್ಲ ನಾನೇ ಕೂತು ಆ ನಂಬರನ್ನು ಮತ್ತೆ ತಿದ್ದಿ ಬರೆಯುತ್ತೇನೆ.