ಕಣ್ಣು ಮುಚ್ಚಿ ಜೋಡಿಸಿದ ಗಾಡಿ

ಗೋಡೆ ತೊಳೆಯುವ ಕಸುಬಿನವನಿಗೆ ಸ್ವಂತ ಗಾಡಿ ಬಂತೆಂದರೆ ಅವನನ್ನು ಹಿಡಿಯುವವರಿಲ್ಲ. ಹದಿನೆಂಟು ವರ್ಷ ಸೈಕಲ್ಲಿಗೆ ಏಣಿ ಕಟ್ಟಿಕೊಂಡು ಅಲೆದ ನಮ್ಮ ಗೋಡೆರಾಯ, ಹಳೇ ಲಾರಿಯೊಂದು ಅಂಗಳಕ್ಕೆ ಬಂದ ದಿನದಿಂದ ಊಟಕ್ಕೂ ಅದರಿಂದ ಕೆಳಗಿಳಿಯಲಿಲ್ಲ. ನೀರಿನ ಟ್ಯಾಂಕು ನಟ್ಟನಡುವೆ, ಪಂಪು ಅದರ ಮಗ್ಗುಲಲ್ಲಿ, ಬ್ರಷ್ಷುಗಳಿಗೆ ಒಂದೊಂದು ಕೊಕ್ಕೆ. ಜೋಡಿಸುವುದು, ಕಣ್ಣು ಮುಚ್ಚಿ ತಡಕುವುದು, ಬೆರಳಿಗೆ ಸಿಗದಿದ್ದರೆ ಎಲ್ಲ ಬಿಚ್ಚಿ ಮತ್ತೆ ಜೋಡಿಸುವುದು. "ಸೋಪಿನ ನೀರು ಕಣ್ಣಿಗೆ ಬಿದ್ದಾಗ ಕೈಗೇ ಕಣ್ಣಿರಬೇಕು ಕಣೇ!" ಎಂದು ಕೂಗುವನು. "ಮದುವೇಲೂ ಇಷ್ಟು ಕುಣಿದಿರ್ಲಿಲ್ಲ ನೀವು," ಎಂದು ಹೆಂಡತಿ ನಗುವಳು. ಅಷ್ಟು ವರ್ಷವೂ ಏಣಿಯ ಬುಡ ಹಿಡಿದು ನಿಂತವಳು ಅವಳೇ. ಈಗೀಗ ಅವಳ ಮಂಡಿ ಮಾತು ಕೇಳುತ್ತಿರಲಿಲ್ಲ. ಏಣಿಯನ್ನು ಗಾಡಿಗೇ ಬಿಗಿಯುವ ಕಬ್ಬಿಣದ ಹಿಡಿ ಕಂಡ ದಿನ ಅವಳ ಮುಖ ಸಪ್ಪಗಾಯಿತು. "ಬ್ರಷ್ಷಿಗೂ ಜಾಗ ಆಯ್ತು. ನಾನಿನ್ನು ಮನೇಲೇ ಅನ್ನಿ." ಅವನು ಕಣ್ಣು ಮುಚ್ಚಿಕೊಂಡೇ ಕೈ ಚಾಚಿ, ಪಂಪಿನ ಸ್ವಿಚ್ಚಿನ ಪಕ್ಕದ ಗೋಣಿಚೀಲವನ್ನು ಮೊದಲ ಸಲಕ್ಕೇ ಹಿಡಿದೆಳೆದ. ಕೆಳಗೆ ಮೆತ್ತನೆಯ ಸೀಟಿತ್ತು. "ಎಲ್ಲಕ್ಕಿಂತ ಮೊದಲು ಬಿಗಿದಿದ್ದೇ ಇದನ್ನ. ನಿಂತು ಬೈದಿದ್ದು ಸಾಕು, ಇನ್ಮೇಲೆ ಕೂತು ಬೈಯಿ!"