ಎಂಟು ಅಂಕದ ಪೋರ್ಟರ್

ನನ್ನ ಗೆಳೆಯ ಅಂಕ ಕೊಡುವುದರಲ್ಲಿ ಮಹಾ ಜುಗ್ಗ. ನಾನು ಇಂದಿರಾನಗರದ ಒಂದು ಸಣ್ಣ ಬ್ರೂವರಿಯಲ್ಲಿ ಬಿಯರ್ ತಯಾರಿಸುವವನು. ಅವನದು ಹಲಸೂರಿನ ಮಾರುಕಟ್ಟೆ ಬೀದಿಯಲ್ಲಿ ಕಾಫಿಪುಡಿ ಅಂಗಡಿ. ಪೋರ್ಟರ್ ಎಂದರೆ ಹುರಿದ ಬಾರ್ಲಿಯಿಂದ ಮಾಡುವ ಕಪ್ಪು ಬಿಯರ್, ಕಾಫಿಗೆ ದೂರದ ನೆಂಟ. ಹಾಗಾಗಿ ಪೋರ್ಟರ್ ಸಿದ್ಧವಾದಾಗಲೆಲ್ಲ ಮೊದಲ ಲೋಟ ಅವನಿಗೆ ಎಂಬುದು ನಮ್ಮಲ್ಲಿ ನಡೆದುಬಂದ ಪದ್ಧತಿ.

ಆ ಪದ್ಧತಿಗೊಂದು ಕಟ್ಟುನಿಟ್ಟಿತ್ತು. ಲೋಟದ ಕೆಳಗಿಡುವ ರಟ್ಟಿನ ಬಿಲ್ಲೆಯ ಬೆನ್ನಿಗೆ ಇಬ್ಬರೂ ಹತ್ತಕ್ಕೆ ಎಷ್ಟು ಎಂದು ಪೆನ್ಸಿಲಿನಲ್ಲಿ ಬರೆದು ಮಗುಚಿಡಬೇಕು. ಇಬ್ಬರೂ ಒಟ್ಟಿಗೆ ತಿರುಗಿಸುವವರೆಗೆ ಮಾತಿಲ್ಲ, ಮುಖ ಹಿಂಡುವ ಹಾಗೂ ಇಲ್ಲ. ಇಷ್ಟು ವರ್ಷಗಳಲ್ಲಿ ಅವನು ಆರು ದಾಟಿದವನಲ್ಲ. ಒಮ್ಮೆ ಆರು ಕೊಟ್ಟಾಗ, "ಕೈ ನಡುಗಲಿಲ್ವೇನೋ?" ಎಂದು ಕೆಣಕಿದ್ದೆ. "ಏಳು ಕೊಟ್ರೆ ನಿನ್ ತಲೆ ನಿಲ್ಲಲ್ಲ ಮಗಾ" ಅಂದಿದ್ದ. ಅವನ ಐದಕ್ಕೆ ನಾನು ಕೊಡುತ್ತಿದ್ದ ಬೆಲೆಯನ್ನು ಗಿರಾಕಿಗಳು ಫೋನಿನಲ್ಲಿ ಒತ್ತುವ ನಕ್ಷತ್ರಗಳಿಗೆ ಯಾವತ್ತೂ ಕೊಟ್ಟಿಲ್ಲ.

ಕಳೆದ ಮಳೆಗಾಲದಲ್ಲಿ ಒಂದು ಜ್ವರ ಬಂತು. ಜ್ವರ ಹೋಯಿತು, ಹೋಗುವಾಗ ನನ್ನ ಮೂಗನ್ನೂ ಕರೆದುಕೊಂಡು ಹೋಯಿತು. ನಾಲಿಗೆಗೆ ಸಿಹಿ, ಕಹಿ, ಉಪ್ಪು ಗೊತ್ತಾಗುತ್ತಿತ್ತು. ವಾಸನೆ ಮಾತ್ರ ಸೊನ್ನೆ. ಲಿಂಗರಾಜಪುರದ ನಮ್ಮ ಮನೆಯಲ್ಲಿ ಹಾಲು ಕೆಟ್ಟಿದೆಯೇ ಎಂದು ಹೆಂಡತಿಯನ್ನು ಕೇಳಿ ಕುಡಿಯುವ ಹಾಗಾಯಿತು. ಬರಬಹುದು, ಕಾಯಬೇಕು ಎಂದರು ಡಾಕ್ಟರು. ಬಿಯರ್ ಮಾಡುವವನಿಗೆ ಮೂಗೇ ಬಂಡವಾಳ. ವಿಷಯ ಗೊತ್ತಿದ್ದದ್ದು ಹೆಂಡತಿಗೆ ಮತ್ತು ಈ ಗೆಳೆಯನಿಗೆ ಮಾತ್ರ. ಮಾಲೀಕರಿಗೆ ಹೇಳಿದರೆ ಕೆಲಸ ಹೋಗುತ್ತದೆಂದು ನನಗೆ ಭಯವಿತ್ತು. ಬೇರೆ ಕೆಲಸ ನನಗೆ ಬರುವುದೂ ಇಲ್ಲ, ಬೇಕಾಗಿಯೂ ಇರಲಿಲ್ಲ.

ಗೆಳೆಯ ತನಗೆ ತಿಳಿದ ಔಷಧಿ ಶುರುಮಾಡಿದ. ದಿನಾ ಸಂಜೆ ಅವನ ಅಂಗಡಿಗೆ ಹೋಗಬೇಕು, ಆಗಷ್ಟೇ ಹುರಿದ ಬೀಜವನ್ನು ಅವನು ಬೊಗಸೆಯಲ್ಲಿ ಹಿಡಿಯಬೇಕು, ನಾನು ಮೂಸಬೇಕು. ನಾನು ತಲೆ ಅಲ್ಲಾಡಿಸುವುದು, ಅವನು "ನಾಳೆ ನೋಡಣ ಬಿಡು" ಅನ್ನುವುದು. ಒಂದು ಸಂಜೆ ಹೊಗೆಯಾಡುವ ಬೀಜದ ಮೇಲೆ ಬಗ್ಗಿದಾಗ ಕಾಫಿಯ ವಾಸನೆ ಬಂತು. "ಬಂತು ಕಣೋ!" ಎಂದು ಬೀದಿಗೆ ಕೇಳುವಂತೆ ಕೂಗಿದೆ. ಅವನು ಅಂಗಡಿಯಲ್ಲಿದ್ದವರಿಗೆಲ್ಲ ಪುಕ್ಕಟೆ ಕಾಫಿ ಕುಡಿಸಿದ. ಆ ವಾರವೇ ನಾನು ಪೋರ್ಟರ್‌ಗೆ ಕೈ ಹಾಕಿದೆ.

ಬಿಯರ್ ಹುಳಿಯುವಾಗ ಯೀಸ್ಟು ನಡುವೆ ಒಂದು ಬೆಣ್ಣೆಯ ವಾಸನೆ ಬಿಡುತ್ತದೆ. ಇನ್ನೂ ಕೆಲವು ದಿನ ಬೆಚ್ಚಗೆ ಬಿಟ್ಟರೆ ಆ ಬೆಣ್ಣೆಯನ್ನು ಯೀಸ್ಟೇ ತಿಂದು ಮುಗಿಸುತ್ತದೆ. ಅವಸರ ಮಾಡಿ ತಣ್ಣಗೆ ಮಾಡಿದರೆ ಬೆಣ್ಣೆ ಹಾಗೇ ಉಳಿದು ಬಿಯರ್ ಕೆಡುತ್ತದೆ. ಅದಕ್ಕೇ ತಣ್ಣಗೆ ಮಾಡುವ ಮೊದಲು ಒಂದು ಲೋಟ ಬಿಯರನ್ನು ಬಿಸಿನೀರಿನಲ್ಲಿಟ್ಟು ಕಾಯಿಸಿ ಮೂಸುತ್ತೇವೆ. ಬೆಣ್ಣೆ ಬಂದರೆ ಕಾಯಬೇಕು, ಏನೂ ಬರದಿದ್ದರೆ ಮುಂದುವರಿಯಬಹುದು. ನಾನು ದಾವಣಗೆರೆಯವನು, ಬೆಣ್ಣೆದೋಸೆ ತಿಂದು ಬೆಳೆದವನು. ಆ ವಾಸನೆಯನ್ನು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಅವತ್ತು ಕಾಯಿಸಿ ಮೂಸಿದೆ. ಬೆಣ್ಣೆ ಇರಲಿಲ್ಲ. ಖುಷಿಯಿಂದ ಟ್ಯಾಂಕನ್ನು ತಣ್ಣಗೆ ಮಾಡಿದೆ.

ರುಚಿ ನೋಡಲು ಅವನು ಮಧ್ಯಾಹ್ನ ಅಂಗಡಿ ಮುಚ್ಚಿ ಮೆಟ್ರೊ ಹತ್ತಿ ಬಂದ. ಬ್ರೂವರಿ ಇನ್ನೂ ತೆರೆದಿರಲಿಲ್ಲ, ಕುರ್ಚಿಗಳೆಲ್ಲ ಮೇಜಿನ ಮೇಲೆ ಮಗುಚಿದ್ದವು. ಕಿಟಕಿಯ ಪಕ್ಕದ ಮೇಜೊಂದನ್ನು ಬಿಡಿಸಿ ಎರಡು ಲೋಟ ಇಟ್ಟೆ. ಬಣ್ಣ ಚೆನ್ನಾಗಿತ್ತು, ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಕೆಂಪು. ನೊರೆ ಕಂದುಬಣ್ಣಕ್ಕೆ ದಪ್ಪಗೆ ನಿಂತಿತ್ತು. ನಾನು ಕುಡಿದೆ, ಹದವಾದ ಕಹಿ, ಹಿಂದೆ ಸ್ವಲ್ಪ ಸಿಹಿ. ಚಾಕೊಲೇಟು, ಹುರಿಗಡಲೆ ಎಲ್ಲ ಇದೆ ಅನ್ನಿಸಿತು. ಬಿಲ್ಲೆಯ ಮೇಲೆ ಏಳು ಎಂದು ಬರೆದು ಮಗುಚಿದೆ.

ಅವನು ಮೂಸಿದ, ಕುಡಿದ, ಮತ್ತೆ ಮೂಸಿದ. ಪೆನ್ಸಿಲ್ ಎತ್ತಿಕೊಂಡವನು ಅದನ್ನು ಕೆಳಗಿಟ್ಟು ಕಿಟಕಿಯ ಆಚೆ ನೋಡುತ್ತ ಕೂತ. ಕೊನೆಗೆ ಬರೆದ. ಒಟ್ಟಿಗೆ ತಿರುಗಿಸಿದೆವು. ಅವನ ಬಿಲ್ಲೆಯಲ್ಲಿ ಎಂಟು ಇತ್ತು.

ಒಂದು ಗಳಿಗೆ ನಾನು ಹಿಗ್ಗಿಹೋದೆ. ಆಮೇಲೆ ಅವನ ಮುಖ ನೋಡಿದೆ. ಅವನು ನನ್ನ ಕಡೆ ನೋಡದೆ ಲೋಟದ ಹೊರಗಿನ ನೀರನ್ನು ಕರವಸ್ತ್ರದಿಂದ ಒರೆಸುತ್ತಿದ್ದ.

"ಏನಿದೆ ಇದ್ರಲ್ಲಿ?" ಎಂದು ಕೇಳಿದೆ.

"ಬರ್ದಿದೀನಲ್ಲ. ಚೆನ್ನಾಗಿದೆ."

"ಆರು ದಾಟದೋನು ಇವತ್ತು ಎಂಟಕ್ಕೆ ಹೋಗಿದೀಯ. ಏನಿದೆ ಹೇಳೋ."

"ವಿಡುಡಾ" ಅಂದ, ಬಿಟ್ಟುಬಿಡೋ ಅಂತ. ಅವನ ಮನೆಮಾತು ತಮಿಳು. ಕಷ್ಟ ಬಂದಾಗ ಅದೇ ಬಾಯಿಗೆ ಬರುತ್ತದೆ. ನಾನು ಬಿಡಲಿಲ್ಲ. ಕರವಸ್ತ್ರ ಕೆಳಗಿಟ್ಟು, "ಬೆಣ್ಣೆ" ಅಂದ.

ಲೋಟವನ್ನು ಎರಡೂ ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ ಮೂಗು ಇಟ್ಟೆ. ಏನೂ ಇಲ್ಲ. ಬೆಣ್ಣೆಯೂ ಇಲ್ಲ, ಬಾರ್ಲಿಯೂ ಇಲ್ಲ. ಆಗ ಎಲ್ಲ ಅರ್ಥವಾಯಿತು. ಮೂಗಿಲ್ಲದವನು ಮೂಸಿದರೆ ಎಲ್ಲ ಟ್ಯಾಂಕೂ ಪಾಸಾಗುತ್ತದೆ. ಆ ಸಂಜೆ ಅಂಗಡಿಯಲ್ಲಿ ಬಂದದ್ದು ಕಾಫಿಯ ವಾಸನೆಯಲ್ಲ, ಕಾಫಿಯ ನೆನಪು. ಹುರಿಯುವ ಯಂತ್ರದ ಸದ್ದು, ಹೊಗೆ, ಆಸೆಯಿಂದ ನನ್ನನ್ನೇ ನೋಡುತ್ತಿದ್ದ ಅವನ ಮುಖ, ಇಷ್ಟು ಸಾಕಾಗಿತ್ತು ನನಗೆ.

ಅವನ ಮೇಲೆ ರೇಗಿದೆ. "ಮೂರು ಅಂತ ಬರ್ಯೋಕೆ ಏನಾಗಿತ್ತು ನಿನಗೆ?"

"ಮೂರು ಬರ್ದ್ರೆ ನಿನ್ ಮೂಗು ಬಂದಿಲ್ಲ ಅಂತ ನಾನೇ ಹೇಳ್ದಂಗಾಗ್ತಿತ್ತು. ಹೆಂಗೆ ಬರೀಲಿ?"

ಅವನ ಬಿಲ್ಲೆಯನ್ನು ಅವನ ಮುಂದೆ ತಳ್ಳಿದೆ. "ಸರಿಯಾಗಿ ಬರಿ." ಅವನು ಎಂಟನ್ನು ಹೊಡೆದುಹಾಕಿ ಪಕ್ಕದಲ್ಲಿ ಮೂರು ಬರೆದ. ಆ ಮೂರರಿಂದ ಸಮಾಧಾನವಾಯಿತು. ಅಷ್ಟು ಹೊತ್ತು ರೋಗಿಯ ಎದುರು ಕೂತ ಹಾಗೆ ಕೂತಿದ್ದವನು ಈಗ ನನ್ನ ಎದುರು ಕೂತಿದ್ದ.

ಅಲ್ಲಿಂದಲೇ ಮಾಲೀಕರಿಗೆ ಫೋನು ಮಾಡಿದೆ. ಬಿಯರ್ ಕೆಟ್ಟಿದೆ ಅಂದೆ, ಯಾಕೆ ಕೆಟ್ಟಿತು ಅನ್ನುವುದನ್ನೂ ಹೇಳಿದೆ. "ಮೊದ್ಲೇ ಹೇಳ್ಬೇಕಿತ್ತು ರೀ. ಟ್ಯಾಂಕ್ ಖಾಲಿ ಮಾಡ್ಬಿಡಿ. ಇನ್ನೊಬ್ರನ್ನ ನೋಡೋವರೆಗೂ ಹೊಸದೇನೂ ಶುರು ಮಾಡ್ಬೇಡಿ" ಎಂದರು. ಬೈದಿದ್ದರೆ ಸುಲಭವಾಗುತ್ತಿತ್ತೇನೊ.

ಹಿಂದಿನ ಕೋಣೆಗೆ ಹೋಗಿ ಟ್ಯಾಂಕಿನ ತಿರುಪು ಬಿಚ್ಚಿದೆ. ಗೆಳೆಯನೂ ಬಂದು ಬಾಗಿಲ ಹತ್ತಿರ ನಿಂತ. ಕಪ್ಪು ಬಿಯರ್ ನೊರೆಯೆಬ್ಬಿಸುತ್ತ ಮೋರಿಗೆ ಹರಿಯಿತು. ಮುಗಿದ ಮೇಲೆ ಟ್ಯಾಂಕಿಗೆ ಬಿಸಿನೀರು ಬಿಟ್ಟು ತೊಳೆದೆ. ಕೋಣೆಯ ತುಂಬ ಹಬೆ ಎದ್ದಿತು.

"ಹೆಂಗಿದೆ ವಾಸನೆ?" ಎಂದು ಕೇಳಿದೆ.

ಅವನು ಹೇಳಲೋ ಬೇಡವೋ ಎಂದು ತಡೆದು, "ನಿಮ್ಮೂರ ದೋಸೆ ಹೋಟ್ಲಲ್ಲಿ ನಿಂತಂಗಿದೆ" ಅಂದ.

ನಾನು ಟ್ಯಾಂಕಿನ ಬಾಯಿಯ ಹತ್ತಿರ ಹೋಗಿ ಕಣ್ಣು ಮುಚ್ಚಿ ಹಬೆಗೆ ಮುಖ ಒಡ್ಡಿ ನಿಂತೆ. ಎದೆ ತುಂಬುವಷ್ಟು ಉಸಿರೆಳೆದೆ. ಮುಖ ಒದ್ದೆಯಾಯಿತು, ಅಷ್ಟೇ.