ಪುಟ್ಟಬಸಮ್ಮನ ಸಾಲ್ವಿಯಾ ಪಾತಿ

ಪುಟ್ಟಬಸಮ್ಮ ಮದುವೆಯಾಗಿ ಮೈಸೂರಿಗೆ ಬಂದಾಗ ಸಿಕ್ಕಿದ್ದು ಲಷ್ಕರ್ ಮೊಹಲ್ಲಾದ ವಠಾರದಲ್ಲಿ ಒಂದೂವರೆ ಕೋಣೆ. ಹೊಲದ ಬದುವಿನಲ್ಲಿ ಆಡಿ ಬೆಳೆದ ಹುಡುಗಿ ಇಲ್ಲಿ ದೊಡ್ಡಪತ್ರೆಯನ್ನೂ ತುಕ್ಕು ಹಿಡಿದ ಡಬ್ಬದಲ್ಲಿ ಬೆಳೆಸಬೇಕಾಯಿತು. ರೈಲ್ವೆ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಗಂಡ ಶಿವಮಲ್ಲಪ್ಪ ಐವತ್ತೈದನೇ ಇಸವಿಯಲ್ಲಿ ಯಾದವಗಿರಿಯ ಅಂಚಿನಲ್ಲೊಂದು ಹೆಂಚಿನ ಮನೆ ಹಿಡಿದ. ಮನೆಗಿಂತ ಅಂಗಳವೇ ದೊಡ್ಡದು. ಗಾಡಿಯಿಂದ ಪಾತ್ರೆ ಇಳಿಸುವ ಮೊದಲೇ ಪುಟ್ಟಬಸಮ್ಮ ಕೂತು ಮಣ್ಣು ಮುಟ್ಟಿ ನೋಡಿದಳು.

ಅತ್ತೆ ಸಿದ್ದಲಿಂಗಮ್ಮ ಹೇಳಿದಂತೆ ಪೂಜೆಗೆ ಕಣಗಿಲೆ, ಮುಡಿಗೆ ಮಲ್ಲಿಗೆ ಹಾಕಿದ್ದಾಯಿತು. ಆದರೆ ಮಾರ್ಕೆಟ್ಟಿಗೆ ಹೋಗುವ ದಾರಿಯಲ್ಲಿ ಒಂದು ಬಂಗಲೆಯ ಮುಂದೆ ಕೆಂಡ ಸುರಿದಂತೆ ಅರಳಿದ್ದ ಹೂವು ಅವಳನ್ನು ದಿನವೂ ನಿಲ್ಲಿಸುತ್ತಿತ್ತು. ಕೊನೆಗೊಂದು ದಿನ ಮಾಲಿ ನಿಂಗಯ್ಯನನ್ನು ಕೇಳಿಯೇಬಿಟ್ಟಳು.

"ಇದೇನ್ ಹೂವಣ್ಣ?"

"ಸಾಲ್ವಿಯಾ ಕಣವ್ವ. ವಾಸ್ನೆ ಇಲ್ಲ, ಬಣ್ಣ ಮಾತ್ರ." ಅವನು ಒಣಗಿದ ತೆನೆ ಉಜ್ಜಿ ಅವಳ ಸೆರಗಿಗೆ ಬೀಜ ಉದುರಿಸಿದ. "ಮೇಲೆ ಮಣ್ಣು ಮುಚ್ಬುಟ್ಟೀರ. ಸುಮ್ನೆ ಉದುರಿಸಿ."

ಮೊದಲು ಬಿತ್ತಿದ್ದನ್ನು ಮಳೆ ಕೊಚ್ಚಿಕೊಂಡು ಹೋಯಿತು. ಉಳಿದ ಬೀಜವನ್ನು ಅವಳು ಸೂರಿನ ಕೆಳಗೆ ಕುಂಡದಲ್ಲಿ ಹಾಕಿ ಸಸಿ ಎಬ್ಬಿಸಿದಳು. ಪಾತಿಗೆ ನೆಟ್ಟ ಸಸಿ ಗೇಣುದ್ದ ಬಂದಾಗ ಕುಡಿ ಚಿವುಟುತ್ತಿದ್ದುದನ್ನು ಅತ್ತೆ ಕಂಡರು.

"ಬೆಳೆಯೋ ಗಿಡದ ಕುಡಿ ಚಿವುಟ್ತಾರೇನೇ?"

"ಚೆನ್ನಾಗಿ ಕವಲೊಡೀಲಿ ಅಂತ, ಅತ್ತೆ."

"ದೇವ್ರಿಗೂ ಆಗಲ್ಲ, ಮುಡಿಗೂ ಆಗಲ್ಲ. ನಾಕು ಬದ್ನೆ ಗಿಡ ಹಾಕಿದ್ರೆ ಹುಳಿಗಾದ್ರೂ ಆಗ್ತಿತ್ತು."

ಪುಟ್ಟಬಸಮ್ಮ ಎದುರಾಡಲಿಲ್ಲ. ಗಿಡ ಕೀಳಲೂ ಇಲ್ಲ. ತನಗೆ ಇಷ್ಟ ಎಂಬ ಒಂದೇ ಕಾರಣಕ್ಕೆ ಅವಳು ಏನನ್ನಾದರೂ ಮಾಡಿದ್ದು ಅದೇ ಮೊದಲು.

ದಸರೆಯ ಹೊತ್ತಿಗೆ ಗೇಟಿನಿಂದ ಜಗಲಿಯವರೆಗೆ ಪಾತಿ ಕೆಂಪಾಯಿತು. ಸೈಕಲ್ಲಿನವರು ನಿಂತು ನೋಡಿ ಹೋಗುತ್ತಿದ್ದರು. ಸೂರಕ್ಕಿಗಳು ಬಂದು ತೆನೆಗೆ ಜೋತುಬಿದ್ದವು. ಆದರೆ ದಿನವೂ ಜಗಲಿಯ ಹತ್ತಿರದ ಗಿಡಗಳಲ್ಲಿ ಹೂವು ಕಡಿಮೆಯಾಗತೊಡಗಿತು; ಬುಡದಲ್ಲಿ ಕಿತ್ತ ಹೂಗಳು ಬಿದ್ದಿರುತ್ತಿದ್ದವು. ಬೀದಿಯ ಮಕ್ಕಳ ಕೆಲಸವೆಂದುಕೊಂಡು ಅವಳು ಒಂದು ಮಧ್ಯಾಹ್ನ ಕಿಟಕಿಯ ಹಿಂದೆ ಕಾದು ಕುಳಿತಳು.

ಬಂದವರು ಅತ್ತೆ. ಆಚೀಚೆ ನೋಡಿ, ಪಾತಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಒಂದು ಹೂವು ಎಳೆದು ತುದಿ ಚೀಪಿದರು. ಆಮೇಲೆ ಇನ್ನೊಂದು.

"ಅತ್ತೆ!"

ಸಿದ್ದಲಿಂಗಮ್ಮ ಬೆಚ್ಚಿಬಿದ್ದರು. ತುಟಿಯ ಮೇಲೆ ಕೆಂಪು ಎಸಳು ಅಂಟಿಕೊಂಡಿತ್ತು. "ಆ ಹಕ್ಕಿ ದಿನಾ ಕೊಕ್ಕು ಹಾಕ್ತಿತ್ತಲ್ಲ, ಏನಿದೆ ಅಂತ ನೋಡ್ದೆ. ಜೇನು ಕಣೇ! ಬಾ, ತಗೋ."

ಪುಟ್ಟಬಸಮ್ಮ ಪಕ್ಕದಲ್ಲೇ ಕೂತು ಚೀಪಿದಳು. ನಾಲಿಗೆಯ ತುದಿಗೆ ಸಾಸಿವೆಯಷ್ಟು ಸಿಹಿ. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಶಿವಮಲ್ಲಪ್ಪ ಕಚೇರಿಯಿಂದ ಬಂದಾಗಲೂ ಅವರು ಅಲ್ಲೇ ಕೂತಿದ್ದರು.

"ಏನಾಯ್ತವ್ವ?"

"ಏನಿಲ್ಲ. ಒಳಗೋಗಿ ಕಾಫಿ ಕಾಯಿಸ್ಕೊ ಹೋಗು," ಎಂದರು ತಾಯಿ.

ಮಾರನೆಯ ವರ್ಷ ಮಳೆಗಾಲ ಶುರುವಾಗುತ್ತಲೇ "ಬೀಜ ಹಾಕಿದ್ಯೇನೇ?" ಎಂದು ಕೇಳಿದವರು ಅತ್ತೆಯೇ. ದಸರೆಗೆ ಊರಿನಿಂದ ಬಂದ ನೆಂಟರನ್ನು ಅವರು ಕೈಕಾಲು ತೊಳೆಯುವ ಮೊದಲೇ ಪಾತಿಯ ಹತ್ತಿರ ಕರೆದೊಯ್ದು, "ನನ್ನ ಸೊಸೆ ಬೆಳ್ಸಿದ್ದು ಕಣ್ರೀ," ಎನ್ನುತ್ತಿದ್ದರು. ಹಿಂದೆ ನಿಂತ ಪುಟ್ಟಬಸಮ್ಮ ಏನೂ ಕೇಳಿಸದವಳಂತೆ ಬಾಡಿದ ಎಲೆ ಕೀಳುತ್ತಿದ್ದಳು.